ಹೆಸರಿನ ಜಾಗದಲ್ಲಿ ಲಾ ಲಾ ಲಾ

ಈ ಹಾಡನ್ನು ನಾನೇ ಬರೆದೆ ಎಂದು ನನಗೆ ನೆನಪಿದೆ. ಹಾಗೆ ನೆನಪಿರುವುದೇ ನನ್ನ ಸಂಶಯಕ್ಕೆ ಮುಖ್ಯ ಕಾರಣ.

ಏಕೆಂದರೆ ಅದನ್ನು ಬರೆದ ಗಳಿಗೆ ನನಗೆ ಮೂರು ಬಗೆಯಲ್ಲಿ ನೆನಪಿದೆ. ಒಂದರಲ್ಲಿ ನಾನು ಬಸವಕಲ್ಯಾಣದ ಕೋಟೆಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೇನೆ. ಸಂಜೆಯ ಬಿಸಿಲು ಕಲ್ಲಿಗೆಲ್ಲ ಜೇನು ಸವರಿದೆ, ಸಾಲುಗಳು ಗಿಳಿಗಳ ಹಾಗೆ ತಾವಾಗಿಯೇ ಬಂದು ಪಕ್ಕದಲ್ಲಿ ಕೂರುತ್ತಿವೆ. ಇನ್ನೊಂದರಲ್ಲಿ ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿದ್ದೇನೆ. ಹೊರಗೆ ತೊಗರಿ ಹೊಲಗಳು ಹಿಂದಕ್ಕೆ ಹರಿಯುತ್ತಿವೆ, ಎಂಜಿನ್ನಿನ ಗುನುಗೇ ರಾಗವಾಗುತ್ತಿದೆ. ಮೂರನೆಯದರಲ್ಲಿ ನಾನು ತ್ರಿಪುರಾಂತ ಕೆರೆಯ ದಂಡೆಯಲ್ಲಿ ಅಡ್ಡಾಡುತ್ತಿದ್ದೇನೆ ಮತ್ತು ನನಗೆ ಉದ್ದನೆಯ ಗಡ್ಡವಿದೆ. ನಾನು ಜೀವಮಾನದಲ್ಲಿ ಗಡ್ಡ ಬಿಟ್ಟವನಲ್ಲ.

ಈ ಸಂಶಯದ ಸ್ವಭಾವ ನನಗೆ ಚಿಕ್ಕಂದಿನಲ್ಲೇ ಅಂಟಿಕೊಂಡಿತು. ನಾನು ಶಾಲೆಗೆ ಸೇರಿದ್ದು ಐವತ್ತಾರರಲ್ಲಿ. ಅದೇ ವರ್ಷ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಒಂದು ರಾಜ್ಯದಲ್ಲಿ ಮಲಗಿ, ಅದೇ ಚಾಪೆಯ ಮೇಲೆ ಇನ್ನೊಂದು ರಾಜ್ಯದಲ್ಲಿ ಎದ್ದ ಮಗು ಮುಂದೆ ಯಾವುದನ್ನು ತಾನೇ ಪೂರ್ತಿ ನಂಬೀತು? ಆಮೇಲೆ ಹೈದರಾಬಾದಿಗೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಎದುರಿಗಿರುವ ಮೇಜು ನಿಜವಾಗಿ ಇದೆಯೆಂದು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ನಮ್ಮ ಪ್ರಾಧ್ಯಾಪಕರೊಬ್ಬರು ಇಡೀ ವರ್ಷ ಪಾಠ ಹೇಳಿದರು. ಆ ಮೇಜಿಗೇ ಒರಗಿಕೊಂಡು ಹೇಳಿದರು.

ನಾನು ರಾಕ್ ಸಂಗೀತ ಕಲಿತದ್ದೂ ಅಲ್ಲಿಯೇ. ಹಾಸ್ಟೆಲಿನ ಪಕ್ಕದ ಕೋಣೆಯವನ ಬಳಿ ರೆಕಾರ್ಡ್ ಪ್ಲೇಯರ್ ಇತ್ತು. ಅವನಿಗೂ ನನಗೂ ಮಾತಿರಲಿಲ್ಲ. ಹೀಗಾಗಿ ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಗೋಡೆ ದಪ್ಪಗಿತ್ತು. ಮಾತೆಲ್ಲ ಅದರಲ್ಲೇ ಸೋಸಿಹೋಗಿ, ನನ್ನ ಪಾಲಿಗೆ ಬರೀ ಗುಡುಗು ಮತ್ತು ಕೊನೆಗೊಂದು ‘ಲಾ ಲಾ ಲಾ’ ಉಳಿಯುತ್ತಿತ್ತು. ರಾಕ್ ಎಂದರೆ ಇಷ್ಟೇ ಎಂದು ತಿಳಿದುಕೊಂಡೆ. ಒಂದು ಹಳೆಯ ಗಿಟಾರ್ ಸಂಪಾದಿಸಿ, ಕಲ್ಯಾಣ ನಾಡಿನ ಪ್ರಥಮ ರಾಕ್ ಗೀತಕಾರನಾಗುವ ಘನ ಉದ್ದೇಶದಿಂದ ಊರಿಗೆ ಮರಳಿದೆ. ಹೊಟ್ಟೆಪಾಡಿಗೆ ಹುಮನಾಬಾದಿನ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಅದು ತಾತ್ಕಾಲಿಕ ಎಂದು ಎಲ್ಲರಿಗೂ ಹೇಳಿದ್ದೆ. ಮೊನ್ನೆ ಮೊನ್ನೆಯವರೆಗೂ ಹೇಳುತ್ತಿದ್ದೆ.

ನಮ್ಮ ತಂಡದ ಹೆಸರು ‘ಗುಡುಗು’. ಅದರಲ್ಲಿ ಇಬ್ಬರಿದ್ದೆವು: ನಾನು ಮತ್ತು ಮಜೀದ್. ಮಜೀದನಿಗೆ ಹುಮನಾಬಾದಿನಲ್ಲಿ ಸೈಕಲ್ ಅಂಗಡಿ. ಅವನ ಚಾಚಾ ಉಸ್ಮಾನ್ ಮಾಸ್ತರರು ಮದುವೆಯ ಮೆರವಣಿಗೆಗಳಲ್ಲಿ ನುಡಿಸುವ ಗುಲ್ಶನ್ ಬ್ಯಾಂಡಿನ ಯಜಮಾನರು. ಚಾಚಾನ ಡೋಲು ಎರವಲು ತಂದು ಮಜೀದ್ ಬಾರಿಸುತ್ತಿದ್ದ. ನಮ್ಮ ಮೊದಲ ಹಾಡು ಹೀಗಿತ್ತು:

ಕೆಂಪು ಮಣ್ಣಿನ ದಾರಿ, ನೀ ನಿಲ್ಲಬ್ಯಾಡ
ನಿಂತರ ನೆರಳು ನನ್ನ ಬಿಟ್ಟು ಹೋದೀತು
ದೀಪ ಹಚ್ಚಬ್ಯಾಡ, ಕನಸಿನ್ನೂ ಮುಗಿದಿಲ್ಲ
ಹೆಸರ ಕೇಳಿದರ ಹೇಳ್ತೀನಿ — ಲಾ ಲಾ ಲಾ

ಕಲ್ಯಾಣದಲ್ಲಿ ನಮ್ಮ ಶರಣಪ್ಪ ಕಾಕಾ ಇದ್ದರು, ಅಪ್ಪನ ತಮ್ಮ. ಓಣಿಯ ಭಜನಾ ಮಂಡಳಿಗೆ ಅವರೇ ಮುಖ್ಯಸ್ಥರು. ಅವರ ಮುಂದೆ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು, ತಲೆಯನ್ನೂ ತೂಗಿದರು. ಮುಗಿದ ಮೇಲೂ ಕಣ್ಣು ತೆರೆಯದೆ ಏನನ್ನೋ ಕಾಯುತ್ತ ಕೂತರು.

“ಅಂಕಿತ ಎಲ್ಲದಪಾ?” ಎಂದರು ಕೊನೆಗೆ.

ನಮ್ಮ ಕಡೆ ಹಾಡು ಎಂದಮೇಲೆ ಕೊನೆಯ ಸಾಲಿನಲ್ಲಿ ಒಂದು ಹೆಸರು ಇರಲೇಬೇಕು. ಕಟ್ಟಿದವನದೋ, ಅವನ ಗುರುವಿನದೋ, ದೇವರದೋ. ಎಂಟುನೂರು ವರ್ಷಗಳಿಂದ ಕಲ್ಯಾಣದ ಗಾಳಿಯಲ್ಲಿ ಹೆಸರಿಲ್ಲದ ಹಾಡು ಸುಳಿದಾಡಿಲ್ಲ. ನಾನು ವಿಶ್ವವಿದ್ಯಾಲಯದವನು. ಕಾಕಾನಿಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ‘ನಾನು’ ಎಂಬುದೇ ಒಂದು ಭ್ರಮೆ, ಹಾಡಿಗೆ ಹೆಸರಿನ ಮುದ್ರೆ ಒತ್ತುವುದು ಹಳೆಯ ಕಾಲದ ಜಮೀನ್ದಾರಿ ಬುದ್ಧಿ, ಆಧುನಿಕ ಕಲಾವಿದನಿಗೆ ಹೆಸರಿನ ಹಂಗಿಲ್ಲ, ‘ಲಾ ಲಾ ಲಾ’ ಎಂಬುದು ಆ ಸ್ವಾತಂತ್ರ್ಯದ ಘೋಷಣೆ ಎಂದೆಲ್ಲ ವಿವರಿಸಿದೆ.

ಕಾಕಾ ಬಹಳ ಸಮಾಧಾನದಿಂದ ಕೇಳಿಸಿಕೊಂಡರು. “ಅಂಕಿತ ಇಲ್ಲಂದ್ರ ಹಾಡು ಇನ್ನೂ ಮುಗಿದಿಲ್ಲ ಅಂತ ಅರ್ಥ. ನಿನಗ ಕಾಲೇಜಿನ ಕೆಲಸ ಅದ, ಪಾಪ. ಇರಲಿ, ನಾ ಮುಗಸ್ತೀನಿ ಬಿಡು,” ಎಂದರು.

ತಮಾಷೆಗೆ ಹೇಳಿದರು ಎಂದುಕೊಂಡೆ.

ಗುಡುಗು ತಂಡದ ಚೊಚ್ಚಲ ಕಾರ್ಯಕ್ರಮ ಹುಮನಾಬಾದಿನಲ್ಲಿ, ಮಜೀದನ ಸಂಬಂಧಿಕರ ಮದುವೆಯಲ್ಲಿ ನಡೆಯಿತು. ಸಾವಿರ ಜನ ಇದ್ದರೆಂದು ನನ್ನ ನೆನಪು. ಅದು ಅಂಗಳದ ಪೆಂಡಾಲು, ಹೆಚ್ಚೆಂದರೆ ಎಪ್ಪತ್ತು ಜನ ಹಿಡಿಸುತ್ತಿದ್ದರು ಎಂಬುದು ತರ್ಕ. ಆದರೂ ನನ್ನ ನೆನಪಿನಲ್ಲಿ ಆ ಸಾವಿರ ಜನ ಮಂಜಿನಲ್ಲಿ ನಿಂತ ಜೋಳದ ಹೊಲದಂತೆ ಮೆಲ್ಲಗೆ ಅಲುಗಾಡುತ್ತಾರೆ. ನನ್ನ ಬೆರಳುಗಳಿಂದ ಬೆಳಕು ಸುರಿಯುತ್ತದೆ. ನಾನು ನೆಲ ಬಿಟ್ಟು ಒಂದು ಗೇಣು ಮೇಲಿದ್ದೇನೆ. ಗೇಣು ಮೇಲಿದ್ದದ್ದು ಮಾತ್ರ ನಿಜವಿರಬೇಕು, ಏಕೆಂದರೆ ನನ್ನನ್ನು ಅಕ್ಕಿ ಚೀಲಗಳ ಮೇಲೆ ನಿಲ್ಲಿಸಿದ್ದರು. ಕೇಳುಗರಲ್ಲಿ ಒಬ್ಬ ಹಿರಿಯರು ಬಂದು ಗಿಟಾರನ್ನು ಮುಟ್ಟಿ, ಸಿತಾರಿಗೆ ಕುತ್ತಿಗೆ ಯಾಕೆ ಗಿಡ್ಡ ಎಂದು ವಿಚಾರಿಸಿದರು. ಉಸ್ಮಾನ್ ಮಾಸ್ತರರು ಮಾತ್ರ ಕ್ಲಾರಿಯೊನೆಟ್ ಮಡಿಲಲ್ಲಿಟ್ಟುಕೊಂಡು ಒಂದು ಮೂಲೆಯಲ್ಲಿ ಸುಮ್ಮನೆ ಕೇಳುತ್ತಿದ್ದರು. ಕೇಳಲಿ, ಹಿರಿಯ ಕಲಾವಿದರು, ಎಂದು ಹಿಗ್ಗಿದೆ.

ಮರುವಾರವೇ ಗುಲ್ಶನ್ ಬ್ಯಾಂಡು ಒಂದು ಮೆರವಣಿಗೆಯಲ್ಲಿ ನನ್ನ ರಾಗವನ್ನು ಊದುತ್ತ ಬಸ್ ನಿಲ್ದಾಣದ ಮುಂದೆ ಹಾದುಹೋಯಿತು! ನಾನು ಚಹಾ ಬಿಟ್ಟು ಓಡಿದೆ. ರಾಗ ಮುಗಿದು ‘ಲಾ ಲಾ ಲಾ’ ಬರುವ ಜಾಗದಲ್ಲಿ ಬ್ಯಾಂಡಿನವರೆಲ್ಲ ವಾದ್ಯ ಇಳಿಸಿ ಒಂದೇ ಉಸಿರಿಗೆ “ಗುಲ್ಶನ್ ಬ್ಯಾಂಡ್!” ಎಂದು ಕೂಗಿ ಮುಂದಕ್ಕೆ ಹೋದರು.

ಮಜೀದನನ್ನು ಹಿಡಿದು ಜಗಳ ತೆಗೆದೆ. ಅವನು ಸೈಕಲ್ಲಿನ ಟ್ಯೂಬಿನಿಂದ ಕಣ್ಣೆತ್ತದೆ ಹೇಳಿದ: “ಕ್ಯಾ ಯಾರ್, ಚಾಚಾ ನಿನ್ನ ಹಾಡು ಮುಟ್ಟೇ ಇಲ್ಲ. ಖಾಲಿ ಜಗಾ ಇತ್ತು, ಅಲ್ಲಿ ಕೂತಾನ ಅಷ್ಟ.”

ಅಲ್ಲಿಂದ ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಕಲ್ಯಾಣಕ್ಕೆ ಹೋದರೆ ಕಾಕಾನ ಮಂಡಳಿ ತಾಳ ಹಾಕಿಕೊಂಡು ‘ಹೆಸರ ಕೇಳಿದರ ಹೇಳ್ತೀನಿ, ಸದ್ಗುರು ಶಾಂತಲಿಂಗ’ ಎಂದು ಕಣ್ಣೀರು ಸುರಿಸುತ್ತಿತ್ತು. ದೀಪ ಹಚ್ಚಬೇಡ ಎಂಬ ನನ್ನ ಸಾಲಿಗೆ ಕಾಕಾ ನಡುನಡುವೆ ವ್ಯಾಖ್ಯಾನ ಹೇಳುತ್ತಿದ್ದರು. ಒಳಗೇ ಜ್ಯೋತಿ ಇರುವಾಗ ಹೊರಗಿನ ದೀಪ ಯಾಕೆ ಎಂಬುದು ಅದರ ಗೂಢಾರ್ಥವಂತೆ. ನಾನು ಬರೆಯುವಾಗ ಅಷ್ಟು ಆಳ ಇರಲಿಲ್ಲ. ಕೇಳುತ್ತ ಕೂತವನಿಗೆ, ನನ್ನದೇ ಹಾಡು ನನಗಿಂತ ಹೆಚ್ಚು ಓದಿಕೊಂಡಿದೆ ಅನ್ನಿಸಿ ಸ್ವಲ್ಪ ನಾಚಿಕೆಯಾಯಿತು. ದರ್ಗಾದ ಉರುಸಿನಲ್ಲಿ ಕವ್ವಾಲಿಯವರು ಅದನ್ನೇ ಉರ್ದುವಿಗೆ ತಿರುಗಿಸಿ, ಕೊನೆಯಲ್ಲಿ ತಮ್ಮ ಉಸ್ತಾದರ ಹೆಸರು ಸೇರಿಸಿ, ಚಪ್ಪಾಳೆ ತಟ್ಟುತ್ತ ಒಂದು ತಾಸು ಎಳೆದರು. ಚುನಾವಣೆ ಬಂತು. ಅಭ್ಯರ್ಥಿಯ ಜೀಪು ನನ್ನ ಹಾಡಿನೊಂದಿಗೆ ಕೆಂಪು ಧೂಳೆಬ್ಬಿಸಿಕೊಂಡು ಊರೂರು ತಿರುಗಿತು. ಎದುರಾಳಿಯ ಜೀಪೂ ಅದೇ ಹಾಡಿನೊಂದಿಗೆ ತಿರುಗಿತು. ಹೆಸರು ಬೇರೆ, ಧೂಳು ಒಂದೇ. ಹಳ್ಳಿಖೇಡದ ಕಡೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನವರು ಆ ಜಾಗದಲ್ಲಿ ಕೂಲಿ ಮಾಡಿಸುವ ತಮ್ಮ ಮುಕಾದಮನ ಹೆಸರು ಹಾಕಿ, ಅದರ ಹಿಂದೊಂದು ಬೈಗುಳ ಸೇರಿಸಿ ಹಾಡುತ್ತಿದ್ದರು. ಕಲೆಯ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ಉತ್ತಮವಾಗಿತ್ತು.

ನಾನು ಎಚ್ಚೆತ್ತುಕೊಂಡೆ. ಮುಂದಿನ ಹಾಡುಗಳಲ್ಲಿ ತತ್ವ ಬದಿಗಿಟ್ಟು, ಪ್ರತಿ ಪಲ್ಲವಿಗೂ ಪ್ರತಿ ಚರಣಕ್ಕೂ ‘ವೈಜನಾಥ’ ಎಂದು ನನ್ನ ಹೆಸರನ್ನು ಗೂಟ ಹೊಡೆದಂತೆ ಹೊಡೆದೆ. ಆ ಹಾಡುಗಳನ್ನು ಯಾರೂ ಹಾಡಲಿಲ್ಲ. ನನ್ನ ವೃತ್ತಿಜೀವನದ ಸಾರಾಂಶ ಇಷ್ಟೇ: ಜನ ಹಾಡಿದ್ದರಲ್ಲಿ ನಾನಿಲ್ಲ, ನಾನಿದ್ದದ್ದನ್ನು ಜನ ಹಾಡಲಿಲ್ಲ.

ಇಷ್ಟಾದರೂ ಎದೆಗುಂದದಿದ್ದ ನನಗೆ ಮದುವೆಯಾಯಿತು. ಹುಡುಗಿ ಕೊಡಂಬಲದ ಸುಲೋಚನಾ. ಮದುವೆ ಮುಗಿಸಿ ಕಲ್ಯಾಣದ ಮನೆಗೆ ಬಂದಾಗ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಹೊಸ ಸೊಸೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹಾಡಿದಳು: ‘ದೀಪ ಹಚ್ಚಬ್ಯಾಡ, ಕನಸಿನ್ನೂ ಮುಗಿದಿಲ್ಲ, ಹೆಸರ ಕೇಳಿದರ ಹೇಳ್ತೀನಿ, ನಮ್ಮ ವೈಜನಾಥ.’

ಆ ಕ್ಷಣ ಮಾತ್ರ ನನಗೆ ಒಂದೇ ಬಗೆಯಲ್ಲಿ ನೆನಪಿದೆ. ಸಂಜೆಯಾಗುತ್ತಿತ್ತು. ಅವಳ ಕೈಯ ಹಸಿರು ಬಳೆಗಳ ನೆರಳು ಗೋಡೆಯ ಮೇಲೆ ನೀರಿನಂತೆ ತೇಲುತ್ತಿತ್ತು. ಅಲೆದು ಅಲೆದು ದಣಿದ ನನ್ನ ಹಾಡು ಯಾರ ಯಾರದೋ ಹೆಸರು ಹೊತ್ತು, ಕೊನೆಗೆ ನನ್ನ ಹೊಸ್ತಿಲಿಗೇ ನನ್ನ ಹೆಸರು ಹಿಡಿದು ಬಂದಿತ್ತು. ಇವಳಿಗೆ ಗೊತ್ತು. ಯಾರೋ ಹೇಳಿದ್ದಾರೆ. ನನ್ನ ಹಾಡೆಂದು ತಿಳಿದೇ ಹಾಡಿದ್ದಾಳೆ. ಕಣ್ಣು ಒದ್ದೆಯಾಯಿತು.

ಮರುದಿನ, ಗಂಟಲು ಸರಿಮಾಡಿಕೊಂಡು, ಯಾವುದೋ ಪ್ರಶಸ್ತಿ ಸ್ವೀಕರಿಸುವವನ ಗತ್ತಿನಲ್ಲಿ ಹೇಳಿದೆ: “ಆ ಹಾಡು ನಂದು.”

“ಹೌದ್ರಿ, ಈಗ ನಿಮ್ದ,” ಎಂದಳು ಸುಲೋಚನಾ. “ಹ್ವಾದ ವರ್ಷ ನಮ್ಮ ಅಕ್ಕನ ಮದಿವ್ಯಾಗ ನಮ್ಮ ಭಾವಂದು ಇತ್ತು.”

ಜಗತ್ತು ನಂಬದಿದ್ದರೆ ಬಿಡಲಿ. ಈ ಒಬ್ಬಳು ನಂಬಬೇಕು. ಅಂದಿನಿಂದ ನನ್ನ ಜೀವನದ ಗುರಿ ಇದೊಂದೇ ಆಯಿತು. ಮೊದಲ ಸಾಕ್ಷಿಯಾಗಿ ಮಜೀದನನ್ನು ಊಟಕ್ಕೆ ಕರೆದೆ. ಊಟವಾದ ಮೇಲೆ, ಈ ಹಾಡು ಬರೆದವರು ಯಾರು, ಅಣ್ಣಾ, ಖರೇ ಹೇಳು ಎಂದು ಸುಲೋಚನಾ ಕೇಳಿದಳು. ಮಜೀದ್ ಪ್ರಾಮಾಣಿಕ ಮನುಷ್ಯ, ಅದೇ ತೊಂದರೆ. ಬಹಳ ಹೊತ್ತು ಯೋಚಿಸಿದ.

“ನಾ ಬರ್ದೀನಿ ಅಂತ ಇವ ಹೇಳಿದ್ದ ಭಾಬಿ. ನಾ ಹೌದಂದೆ. ಬರಿಯೂದು ನಾ ನೋಡಿಲ್ಲ,” ಎಂದ.

ತರ್ಕಶಾಸ್ತ್ರದ ಪ್ರಕಾರ ಉತ್ತರ ನಿರ್ದೋಷವಾಗಿತ್ತು. ಕಾಕಾನ ಬಳಿ ಹೋದೆವು. ಅವರು, ಆ ತತ್ವಪದ ಗುರುಗಳು ತಮಗೆ ಕನಸಿನಲ್ಲಿ ದಯಪಾಲಿಸಿದ್ದು, ಅದೂ ಏಕಾದಶಿಯ ದಿನ, ಎಂದು ಕೈಮುಗಿದರು. ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖದಲ್ಲಿದ್ದ ಬೆಳಕು ನೋಡಿದರೆ ನನಗೂ ಆ ಕನಸು ಅರ್ಧ ಬಿದ್ದಂತಾಯಿತು. ಕೊನೆಗೆ ನಮ್ಮತ್ತೆ, ಸುಲೋಚನಾಳ ತಾಯಿ, ಬಂದು ಎಲ್ಲಕ್ಕೂ ಮಣ್ಣೆಳೆದರು. ನಲವತ್ತೆಂಟರ ರಜಾಕಾರರ ಗದ್ದಲದ ಕಾಲದಲ್ಲಿ ಹೆಂಗಸರು ಮಕ್ಕಳೆಲ್ಲ ಜೋಳದ ಹೊಲದಲ್ಲಿ ಅಡಗಿ ಕೂತಾಗ, ದೀಪ ಹಚ್ಚುವಂತಿರಲಿಲ್ಲವಲ್ಲ, ಆಗ ಇದೇ ಹಾಡನ್ನು ಪಿಸುದನಿಯಲ್ಲಿ ಹಾಡಿಕೊಳ್ಳುತ್ತಿದ್ದೆವು ಎಂದರು.

ಆಗ ನಾನು ಹುಟ್ಟಿಯೇ ಇರಲಿಲ್ಲ. ವಯಸ್ಸಾದವರ ನೆನಪು ಒಂದಕ್ಕೊಂದು ಬೆರೆತುಹೋಗುತ್ತದೆ ಎಂದು ಸುಲೋಚನಾಳಿಗೆ ಗುಟ್ಟಾಗಿ ಹೇಳಿದೆ.

“ಮತ್ತ ನಿಮ್ದು?” ಎಂದಳು. “ಗಡ್ಡ ಬಿಟ್ಟಿದ್ರಂತಲ್ಲ, ಕೆರಿ ದಂಡ್ಯಾಗ.”

ಗಂಡಹೆಂಡಿರು ಒಬ್ಬರಿಗೊಬ್ಬರು ಎಲ್ಲವನ್ನೂ ಹೇಳಿಕೊಳ್ಳಬಾರದು.

ವರ್ಷಗಳು ಹೋದವು. ಎಂಬತ್ತರ ದಶಕದಲ್ಲಿ ಒಮ್ಮೆ ಕೊಡಂಬಲದಿಂದ ಸುದ್ದಿ ಬಂತು. ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲು ರೇಡಿಯೋದವರು ಬರುತ್ತಾರೆ, ಆ ಹಾಡೂ ಇದೆ ಎಂದು. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಸುಲೋಚನಾ ನೋಡುತ್ತಿದ್ದಳು. ಇಷ್ಟು ವರ್ಷ ನನ್ನ ಈ ಒಂದು ಗೀಳನ್ನು ಅವಳು ನಕ್ಕರೂ ತುಳಿದಿರಲಿಲ್ಲ.

“ನಡೀರಿ, ಹೋಗೂನು,” ಎಂದಳು. “ರೇಡಿಯೋದಾಗ ನಿಮ್ಮ ಹೆಸರು ಬಂತಂದ್ರ ನಾ ನಂಬ್ತೀನಿ. ಆಮ್ಯಾಲ ಸಾಯೂತನ ಕೇಳಂಗಿಲ್ಲ.”

ಚಿಟಗುಪ್ಪದವರೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿ ರೇಡಿಯೋದ ಆ ಮಧುರ ಕಂಠವನ್ನು ಮನಸ್ಸಿನಲ್ಲೇ ಕೇಳುತ್ತಿದ್ದೆ: ‘ರಚನೆ, ವೈಜನಾಥ.’ ಹೊರಗೆ ಕುಸುಬೆ ಹೂಗಳು ಹೌದು ಹೌದೆಂದು ತಲೆಯಾಡಿಸುತ್ತಿದ್ದವು.

ಮಾವನವರ ಮನೆಯ ಅಂಗಳದಲ್ಲಿ ಹೆಂಗಸರು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದರು. ರೇಡಿಯೋದ ಅಧಿಕಾರಿ ಟೇಪ್ ರೆಕಾರ್ಡರ್ ಬಿಚ್ಚಿಟ್ಟುಕೊಂಡು, ಇದು ಯಾರು ಕಟ್ಟಿದ ಹಾಡು ಎಂದು ಕೇಳಿದರು. ಯಾರದೂ ಅಲ್ಲ, ನಮ್ಮದೇ, ಎಂದರು ಹೆಂಗಸರು. ನಾನು ಮುಂದೆ ಬಂದು, ನಮ್ರತೆ ಹಾಗೂ ದೃಢತೆ ಎರಡನ್ನೂ ಹದವಾಗಿ ಬೆರೆಸಿ, ಸದರಿ ಗೀತೆಯ ಕರ್ತೃ ನಾನೇ ಎಂದು ನಿವೇದಿಸಿಕೊಂಡೆ. ಅಧಿಕಾರಿ ಸಂಕಟಕ್ಕೆ ಸಿಕ್ಕರು. ಪುರಾವೆ ಕೇಳಿದರು. ನಾನು ಹಾಡಿಯೇ ತೋರಿಸಿದೆ. ಎರಡನೆಯ ಸಾಲಿಗೇ ನಮ್ಮತ್ತೆ ತಡೆದು, ಅಳಿಯಂದಿರೇ, ರಾಗ ತಪ್ಪಿತು, ಎಂದು ತಿದ್ದಿದರು.

ಅಧಿಕಾರಿ ಒಳ್ಳೆಯವರು. ಜನಪದ ಹಾಡಿಗೆ ಕವಿಯ ಹೆಸರು ತಾವು ಹೇಳುವಂತಿಲ್ಲ, ಆದರೆ ಹಾಡಿನೊಳಗೇ ಹೆಸರು ಬಂದರೆ ತಮ್ಮ ಅಭ್ಯಂತರವೇನೂ ಇಲ್ಲ ಎಂದು ದಾರಿ ತೋರಿಸಿದರು. ಹೆಂಗಸರಲ್ಲಿ ಗದ್ದಲವೆದ್ದಿತು. ಪ್ರತಿಯೊಬ್ಬಳಿಗೂ ತನ್ನ ಗಂಡನ ಹೆಸರೇ ರೇಡಿಯೋದಲ್ಲಿ ಬರಬೇಕು. ನ್ಯಾಯವೇ. ನಮ್ಮತ್ತೆ ಕೈಯೆತ್ತಿದರು.

“ಊರ ಅಳಿಯ ಇಷ್ಟು ದೂರ ಬಂದಾನ. ಹೆಸರಿನಾಗೇನದ, ಹಾಕ್ರಿ ಅತ್ಲಾಗ. ನಮ್ಮ ಹುಡುಗಿ ಮಾರಿ ನೋಡಿ ಹಾಕ್ರಿ.”

ಗದ್ದಲ ಅಡಗಿತು. ಸುಲೋಚನಾ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡಿದಳು. ನನಗಿಂತ ಅವಳಿಗೇ ಹೆಚ್ಚು ಆಸೆಯಿತ್ತು ಎಂದು ಆಗ ತಿಳಿಯಿತು.

ಅಳಿಯನ ಗೌರವವೆಂದರೆ ಬರೀ ಹೆಸರಿನಲ್ಲಿ ಮುಗಿಯುವುದಿಲ್ಲ. ನನ್ನನ್ನು ಹಾಡುವವರ ನಡುವೆ, ಮೈಕಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿದರು. ಒಳಗೆ ನನ್ನ ಸಲುವಾಗಿ ಮಿರ್ಚಿಭಜಿಗೆ ಎಣ್ಣೆ ಇಟ್ಟರು. ಇದ್ದದ್ದು ಕೊನೆಯ ಟೇಪು, ಒಂದೇ ಸಲ ಹಾಡಬೇಕು, ಯಾರೂ ಅಲುಗಾಡಬಾರದು ಎಂದರು ಅಧಿಕಾರಿ.

ಹಾಡು ಶುರುವಾಯಿತು. ಎಷ್ಟು ಚೆನ್ನಾಗಿ ಹಾಡಿದರೆಂದರೆ, ಕೆಂಪು ದಾರಿ ಅಂಗಳದೊಳಗೇ ಹರಿದು ಬಂದಂತಾಯಿತು. ನೆರಳು ಬಿಟ್ಟು ಹೋಯಿತು. ದೀಪ ಹಚ್ಚಬೇಡವೆಂದರು. ನಾನು ಕಣ್ಣು ಮುಚ್ಚಿದೆ. ‘ಹೆಸರ ಕೇಳಿದರ ಹೇಳ್ತೀನಿ’ ಎಂದು ಎಲ್ಲರೂ ಒಟ್ಟಾಗಿ ದನಿಯೇರಿಸಿದರು.

ಸರಿಯಾಗಿ ಆಗ ಒಳಗೆ ಯಾರೋ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಬಿಟ್ಟರು.

ಘಾಟು ಅಂಗಳಕ್ಕೆ ಬಂತು. ಉಳಿದವರಿಗೆ ಅದು ನಿತ್ಯದ ಗಾಳಿ. ನನ್ನ ವಿಶ್ವವಿದ್ಯಾಲಯದ ಗಂಟಲಿಗೆ ಅಲ್ಲ. ನಾನು ಕೆಮ್ಮಿದೆ. ಸಾಧಾರಣ ಕೆಮ್ಮಲ್ಲ. ಮೂರು ಅಲೆಗಳಲ್ಲಿ ಎದ್ದು ಬಂದು, ಮೈಕಿನ ಮೇಲೇ ಒಡೆದ ಕೆಮ್ಮು. ಹೆಂಗಸರು ನನ್ನ ಹೆಸರನ್ನು ಪೂರ್ತಿ ಹೇಳಿದರಂತೆ. ಯಾರಿಗೂ ಕೇಳಿಸಲಿಲ್ಲ. ಟೇಪು ಮುಗಿಯಿತು.

ಪ್ರಸಾರದ ದಿನ ಹುಮನಾಬಾದಿನ ಮನೆಯಲ್ಲಿ ಇಬ್ಬರೂ ರೇಡಿಯೋದ ಮುಂದೆ ಕೂತೆವು. ಕೊಡಂಬಲದ ಮಹಿಳೆಯರು ಹಾಡಿದ ಜನಪದ ಗೀತೆ ಎಂದಿತು ಮಧುರ ಕಂಠ. ಹಾಡು ಬಂತು. ‘ಹೆಸರ ಕೇಳಿದರ ಹೇಳ್ತೀನಿ’ ಬಂತು. ಆಮೇಲೆ ಕೆಮ್ಮು ಬಂತು.

ಸುಲೋಚನಾ ರೇಡಿಯೋ ಆರಿಸಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: “ಕೆಮ್ಮು ನಿಮ್ದೇ ರಿ. ಇದರಾಗ ಮಾತ್ರ ನನಗ ಸಂಶಯಿಲ್ಲ.”

ಹಾಡು ನನ್ನದೋ, ಕಾಕಾನ ಗುರುವಿನದೋ, ಜೋಳದ ಹೊಲದ ಕತ್ತಲೆಯದೋ, ಇವತ್ತಿಗೂ ಹೇಳಲಾರೆ. ಆದರೆ ಒಂದು ಸಂಗತಿ ಕಿವಿಗೆ ಬಿತ್ತು. ನಂಬುವವನಲ್ಲವಾದ್ದರಿಂದ ನಾನೇ ಚಿಟಗುಪ್ಪದ ಒಂದು ಮದುವೆಗೆ ಕರೆಯದಿದ್ದರೂ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಕೇಳಿ ಖಚಿತಪಡಿಸಿಕೊಂಡು ಬಂದಿದ್ದೇನೆ. ರೇಡಿಯೋದಲ್ಲಿ ಬಂದ ಮೇಲೆ ಅಲ್ಲಿನ ಹೆಂಗಸರು ಆ ಹಾಡನ್ನು ರೇಡಿಯೋದಂತೆಯೇ ಹಾಡುತ್ತಾರೆ. ಕೊನೆಯಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ. ಎಲ್ಲರೂ ಒಟ್ಟಿಗೆ, ತಾಳ ತಪ್ಪದೆ, ಮೂರು ಸಲ ಕೆಮ್ಮುತ್ತಾರೆ.